ಹೀಲಿಂಗ್ ಡ್ರಾಮಾ: ಪ್ರೀತಿ ಎಲ್ಲಿಯವರೆಗೆ, ಔಷಧಿ ಎಲ್ಲಿಂದ?

ಕೊರಿಯನ್ ಧಾರಾವಾಹಿ ನೋಡುವವರ ಮಾತಿನಲ್ಲಿ ‘ಹೀಲಿಂಗ್ ಡ್ರಾಮಾ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ನೋಡಿದ ಮೇಲೆ ಮನಸ್ಸು ಹಗುರಾಗಬೇಕು, ಅಂಥ ಕಥೆ. ಹಳ್ಳಿ ಬದುಕು, ಅಡುಗೆ, ಗೆಳೆತನದ ಕಥೆಗಳನ್ನೂ ಹೀಗೆ ಕರೆಯುತ್ತಾರೆ. ಮಾನಸಿಕ ಕಾಯಿಲೆ ಇರುವವರನ್ನೇ ನಾಯಕ, ನಾಯಕಿಯಾಗಿಸಿ ಅವರ ಪ್ರೇಮ ಹೇಳುವ ಕವಲು ನನಗೆ ಎಲ್ಲಕ್ಕಿಂತ ಮುಖ್ಯ.

2014ರಲ್ಲಿ ಎಸ್‌ಬಿಎಸ್ ವಾಹಿನಿಯಲ್ಲಿ ಬಂದ ‘ಇಟ್ಸ್ ಓಕೆ, ದಟ್ಸ್ ಲವ್’ ನೋಡಿ. ನಾಯಕ ಜೇ-ಯೊಲ್ ಹೆಸರಾಂತ ಕಾದಂಬರಿಕಾರ. ಅವನು ಪ್ರೀತಿಸುವ ಹೇ-ಸೂ ಮನೋವೈದ್ಯೆ. ಅವನ ಹಿಂದೆ ಮುಂದೆ ಸುಳಿಯುವ ಕಾಂಗ್-ವೂ ಎಂಬ ಹುಡುಗ ಅವನೊಬ್ಬನ ಕಣ್ಣಿಗಷ್ಟೇ ಕಾಣುತ್ತಾನೆ. ಅದು ಸ್ಕಿಜೋಫ್ರೇನಿಯಾದ, ಅಂದರೆ ಇಲ್ಲದ್ದು ಕಾಣುವ, ಕೇಳುವ ಮಾನಸಿಕ ಕಾಯಿಲೆಯ ಭ್ರಮೆ. ಹುಡುಗ ಯಾವಾಗಲೂ ಬರಿಗಾಲಲ್ಲಿ ಇರುವುದು ಏಕೆ ಎಂದು ಗಮನಿಸುತ್ತಲೇ ಜೇ-ಯೊಲ್‌ಗೆ ನಿಜ ಹೊಳೆಯುತ್ತದೆ: ಪೆಟ್ಟು ತಿಂದು ಬೆಳೆದ ತನ್ನದೇ ಬಾಲ್ಯ ಎದುರಿಗೆ ನಿಂತಿದೆ. ಬೀಳ್ಕೊಡುವಾಗ ಅವನು ಆ ಹುಡುಗನ ಪಾದ ತೊಳೆದು ಶೂ ತೊಡಿಸುತ್ತಾನೆ. ಕಾಯಿಲೆಯನ್ನು ದೆವ್ವದಂತೆ ಹೊಡೆದೋಡಿಸದೆ ಹೀಗೆ ಗೌರವದಿಂದ ಕಳಿಸಿಕೊಟ್ಟ ದೃಶ್ಯವನ್ನು ಟಿವಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಪ್ರೀತಿಯಿಂದಲೇ ಅವನು ಗುಣವಾದ ಎಂದು ಕಥೆ ಹೇಳುವುದಿಲ್ಲ. ಆಸ್ಪತ್ರೆ ಇದೆ, ಔಷಧಿ ಇದೆ, ಅದರ ಅಡ್ಡಪರಿಣಾಮವೂ ಇದೆ. ಹೇ-ಸೂ ಅವನಿಗೆ ಜೀವನಪೂರ್ತಿ ನರ್ಸ್ ಆಗಿ ಉಳಿಯುವುದೂ ಇಲ್ಲ. ತಾನು ಬಯಸಿದ ಪ್ರವಾಸಕ್ಕೆ ವರ್ಷದ ಮಟ್ಟಿಗೆ ಹೊರಟುಬಿಡುತ್ತಾಳೆ. ಚಿಕಿತ್ಸೆಯ ಬಾಗಿಲವರೆಗೆ ಪ್ರೀತಿ ಕೈಹಿಡಿದು ಕರೆತರಬಹುದು, ಒಳಗಿನ ಕೆಲಸ ವೈದ್ಯರದು ಮತ್ತು ರೋಗಿಯದು. ಒಳ್ಳೆಯ ಹೀಲಿಂಗ್ ಡ್ರಾಮಾವನ್ನು ನಾನು ಗುರುತಿಸುವುದು ಇದರಿಂದಲೇ.

ಎಲ್ಲವೂ ಹೀಗಿಲ್ಲ. 2015ರ ‘ಕಿಲ್ ಮಿ, ಹೀಲ್ ಮಿ’ಯಲ್ಲಿ ಒಬ್ಬನೊಳಗೆ ಏಳು ವ್ಯಕ್ತಿತ್ವ. ಜಿ ಸುಂಗ್ ಅಭಿನಯ ಅದ್ಭುತ, ಆದರೆ ಕಾಯಿಲೆ ಬಹಳ ಕಡೆ ತಮಾಷೆಯ ವೇಷವಾಗಿಬಿಡುತ್ತದೆ. 2020ರ ‘ಇಟ್ಸ್ ಓಕೆ ಟು ನಾಟ್ ಬಿ ಓಕೆ’ ಎರಡರ ನಡುವೆ ನಿಲ್ಲುತ್ತದೆ. ಅದರಲ್ಲಿ ನಾಯಕ ಕಲಿಸುವ ‘ಬಟರ್‌ಫ್ಲೈ ಹಗ್’, ಅಂದರೆ ಕೈಗಳನ್ನು ಎದೆಯ ಮೇಲೆ ಅಡ್ಡಹಾಕಿ ತನ್ನ ಭುಜವನ್ನು ತಾನೇ ಒಂದಾದ ಮೇಲೊಂದು ತಟ್ಟಿಕೊಳ್ಳುವುದು, ಮಾನಸಿಕ ಆಘಾತಕ್ಕೆ ಒಳಗಾದವರ ಚಿಕಿತ್ಸೆಯಲ್ಲಿ ನಿಜಕ್ಕೂ ಬಳಸುವ ಕ್ರಮ.

2023ರ ‘ಡೈಲಿ ಡೋಸ್ ಆಫ್ ಸನ್‌ಶೈನ್’ನಲ್ಲಿ ಪ್ರೇಮ ಪಕ್ಕಕ್ಕೆ ಸರಿದಿದೆ. ಮನೋರೋಗ ವಾರ್ಡಿನ ನರ್ಸ್ ದಾ-ಉನ್‌ಗೇ ಖಿನ್ನತೆ ಬಂದು ದಾಖಲಾಗುತ್ತಾಳೆ. ಚೇತರಿಸಿಕೊಂಡು ಕೆಲಸಕ್ಕೆ ಮರಳಿದಾಗ, ಇಂಥವಳು ನರ್ಸ್ ಆಗಿರಬಾರದೆಂದು ಜಗಳಕ್ಕೆ ಬರುವವರು ಬೇರಾರೂ ಅಲ್ಲ, ಅದೇ ವಾರ್ಡಿನ ರೋಗಿಗಳ ಮನೆಯವರು.