ಸಹಿ ಹಾಕಬೇಕಾದವರು ನೀವಲ್ಲ

ಪ್ರಶ್ನೆ: ನಾನು ಪ್ರಾಟೆಸ್ಟೆಂಟ್ ಸಭೆಯವಳು. ಮದುವೆಯಾಗಲಿರುವ ಹುಡುಗ ಕಥೋಲಿಕ. ಮದುವೆಯ ನಂತರ ಭಾನುವಾರ ಯಾರು ಯಾವ ಚರ್ಚಿಗೆ ಹೋಗಬೇಕು? ಅದಕ್ಕೂ ಮೊದಲು ನಾನು ಮತ್ತೊಮ್ಮೆ ದೀಕ್ಷಾಸ್ನಾನ ಪಡೆಯಬೇಕು, ಹುಟ್ಟುವ ಮಕ್ಕಳೆಲ್ಲ ಕಥೋಲಿಕರಾಗುತ್ತಾರೆಂದು ಬರೆದು ಸಹಿ ಹಾಕಿಕೊಡಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಮದುವೆಗೆ ಸಿದ್ಧರಾಗುವ ಜೋಡಿಗಳಿಗೆ ಪಾಠ ಹೇಳುವ ನನಗೆ ಈ ಪ್ರಶ್ನೆ ಬಾಯಿಪಾಠವಾಗಿದೆ. ಒಮ್ಮೆ ಹುಡುಗಿ ಕಥೋಲಿಕಳು, ಇನ್ನೊಮ್ಮೆ ಹುಡುಗ; ಒಮ್ಮೆ ಲೂಥರನ್ ಸಭೆ, ಇನ್ನೊಮ್ಮೆ ಮೆಥೊಡಿಸ್ಟ್. ದೀಕ್ಷಾಸ್ನಾನ ಮತ್ತು ಸಹಿಯ ಮಾತು ಮಾತ್ರ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಪ್ರತಿ ಸಲವೂ ಅದೇ.

ಭಾನುವಾರದ ವಿಷಯ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಭಾನುವಾರದ ಬಲಿಪೂಜೆಯಲ್ಲಿ (ಮಾಸ್) ಭಾಗವಹಿಸುವ ಕರ್ತವ್ಯ ಕಥೋಲಿಕ ಸಂಗಾತಿಯದು, ನಿಮ್ಮದಲ್ಲ. ಹಿಂದಿನ ದಿನದ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಆ ಕರ್ತವ್ಯ ನೆರವೇರುತ್ತದೆ. ಆದ್ದರಿಂದ ಶನಿವಾರ ಸಂಜೆ ಇಬ್ಬರೂ ಅವರ ದೇವಾಲಯಕ್ಕೆ, ಭಾನುವಾರ ಬೆಳಿಗ್ಗೆ ಇಬ್ಬರೂ ನಿಮ್ಮ ಆರಾಧನೆಗೆ ಹೋಗುವ ದಂಪತಿಗಳು ಬೇಕಾದಷ್ಟಿದ್ದಾರೆ. ನಿಮ್ಮ ಸಭೆಯಲ್ಲಿ ಅವರು ಹಾಡಬಹುದು, ಪ್ರಾರ್ಥಿಸಬಹುದು, ಪ್ರಸಂಗ ಕೇಳಬಹುದು. ಆದರೆ ಅದು ಪೂಜೆಗೆ ಬದಲಿಯಾಗುವುದಿಲ್ಲ, ಅಷ್ಟೇ. ವಾರದ ಕೊನೆ ಪೂರ್ತಿ ಚರ್ಚಿನಲ್ಲೇ ಕಳೆಯಿತು ಎಂದು ಗೊಣಗುವವರಿಗೆ ನನ್ನಲ್ಲಿ ಔಷಧವಿಲ್ಲ.

ಇನ್ನು ಆ ಸಹಿಯ ಕಥೆ.

ಇದು ಪೂರ್ತಿ ಸುಳ್ಳಾಗಿದ್ದರೆ ಎಂದೋ ಸತ್ತುಹೋಗುತ್ತಿತ್ತು. ಒಂದು ಕಾಲಕ್ಕೆ ನಿಜವಾಗಿತ್ತು, ಅದಕ್ಕೇ ಇಷ್ಟು ಗಟ್ಟಿ. ಕಥೋಲಿಕ ಧರ್ಮಸಭೆಯ 1917ರ ಕಾನೂನು ಸಂಹಿತೆಯ ಪ್ರಕಾರ ಮಕ್ಕಳನ್ನು ಕಥೋಲಿಕರಾಗಿಯೇ ಬೆಳೆಸುತ್ತೇವೆಂದು ಇಬ್ಬರೂ, ಸಾಮಾನ್ಯವಾಗಿ ಬರವಣಿಗೆಯಲ್ಲಿ, ಭರವಸೆ ಕೊಡಬೇಕಿತ್ತು. ನಿಮ್ಮ ಅಜ್ಜಿಯ ಕಾಲದವರು ಹೇಳುವುದು ಈ ಕಾನೂನನ್ನು. ಅವರ ನೆನಪಿನಲ್ಲಿ ತಪ್ಪಿಲ್ಲ, ಕ್ಯಾಲೆಂಡರ್ ಹಳೆಯದು. 1970ರ ಮಾರ್ಚ್ 31ರಂದು ಪೋಪ್ ಆರನೆಯ ಪೌಲರು ಹೊರಡಿಸಿದ ಆದೇಶ ಆ ಪದ್ಧತಿಯನ್ನು ಕೈಬಿಟ್ಟಿತು. ಈಗ ಜಾರಿಯಲ್ಲಿರುವ 1983ರ ಸಂಹಿತೆಯ 1125ನೆಯ ವಿಧಿಯಲ್ಲಿ ಮಾತು ಕೊಡುವವರು ಒಬ್ಬರೇ: ಕಥೋಲಿಕ ಸಂಗಾತಿ. ರೋಮಿನೊಂದಿಗೆ ಐಕ್ಯದಲ್ಲಿದ್ದೂ ಪೂರ್ವದೇಶಗಳ ಆರಾಧನಾ ಪದ್ಧತಿಯನ್ನು ಉಳಿಸಿಕೊಂಡಿರುವ ಪೂರ್ವದ ಕಥೋಲಿಕ ಸಭೆಗಳ 1990ರ ಸಂಹಿತೆ ಹೇಳುವುದೂ ಇದನ್ನೇ. ಅಂದರೆ ಈ ಕಟ್ಟುಪಾಡು ಹೋಗಿ ಅರ್ಧ ಶತಮಾನ ದಾಟಿದೆ. ಆದರೂ ನನ್ನ ಮುಂದೆ ಕೂರುವ ಜೋಡಿಗಳು ಅದನ್ನು ನಿನ್ನೆ ಸಂಜೆ ಹೊರಟ ಸುತ್ತೋಲೆಯಂತೆ ಉಲ್ಲೇಖಿಸುತ್ತಾರೆ.

ಹಾಗಾದರೆ ನಿಮ್ಮ ಪಾತ್ರವೇನು? ಅವರು ಕೊಟ್ಟ ಮಾತು ಯಾವುದು, ಅದರ ಹೊರೆ ಎಷ್ಟು ಎಂಬುದನ್ನು ನಿಮಗೆ ಸಕಾಲದಲ್ಲಿ ತಿಳಿಸಿರಬೇಕು. ತಿಳಿಸಬೇಕು ಎಂದಿದೆಯೇ ಹೊರತು ನಿಮ್ಮನ್ನು ಒಪ್ಪಿಸಬೇಕು ಎಂದಿಲ್ಲ. ಕೆಲವು ಕಡೆ ಅರ್ಜಿಯ ಕೆಳಗೆ ನಿಮ್ಮ ಹೆಸರಿಗೂ ಒಂದು ಗೆರೆ ಇರುತ್ತದೆ. ಗೊಂದಲ ಹುಟ್ಟುವುದು ಅಲ್ಲೇ. ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಗೆರೆಯ ಮೇಲಿನ ವಾಕ್ಯ ಓದಿ. ‘ನನಗೆ ತಿಳಿಸಲಾಗಿದೆ’ ಎಂದಿದ್ದರೆ ಅದು ತಿಳಿದುಕೊಂಡಿದ್ದಕ್ಕೆ ಸಾಕ್ಷಿ, ಬೇರೇನೂ ಅಲ್ಲ. ‘ನಾನೂ ಒಪ್ಪಿ ಮಾತು ಕೊಡುತ್ತೇನೆ’ ಎಂದಿದ್ದರೆ ಆ ಅರ್ಜಿ ಹಳೆಯ ಕಪಾಟಿನಿಂದ ಬಂದದ್ದು. ಫಾದರ್ ಅವರನ್ನೇ ವಿನಯದಿಂದ ಕೇಳಿ.

ಕಥೋಲಿಕ ಸಂಗಾತಿ ಕೊಡುವ ಮಾತನ್ನೂ ಪೂರ್ತಿ ಓದಿದವರು ಕಡಿಮೆ. ಮಕ್ಕಳು ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು ಬೆಳೆಯುವಂತೆ ‘ನನ್ನಿಂದ ಆಗುವುದನ್ನೆಲ್ಲ ಮಾಡುತ್ತೇನೆ’ ಎಂಬುದು ಅದರ ತಿರುಳು. ‘ಮಾಡಿಯೇ ತೋರಿಸುತ್ತೇನೆ’ ಎಂದಲ್ಲ. ಮಗುವಿಗೆ ತಂದೆ ಇರುವಂತೆ ತಾಯಿಯೂ ಇದ್ದಾಳೆ, ಅವಳಿಗೂ ಮನಸ್ಸಾಕ್ಷಿ ಇದೆ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. 1993ರಲ್ಲಿ ರೋಮ್ ಪ್ರಕಟಿಸಿದ ಕ್ರೈಸ್ತ ಐಕ್ಯದ ನಿರ್ದೇಶಿಕೆ ಇನ್ನೂ ಬಿಡಿಸಿ ಹೇಳಿದೆ: ಕಥೋಲಿಕ ಸಂಗಾತಿ ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಮಕ್ಕಳು ಬೇರೆ ಸಭೆಯಲ್ಲಿ ದೀಕ್ಷಾಸ್ನಾನ ಪಡೆದರೆ ಅವರಿಗೆ ಧರ್ಮಸಭೆಯ ಶಿಕ್ಷೆ ಇಲ್ಲ, ಆದರೆ ತಮ್ಮ ವಿಶ್ವಾಸವನ್ನು ಮಕ್ಕಳೊಂದಿಗೆ ಹಂಚಿಕೊಳ್ಳುವ ಹೊಣೆ ತೀರುವುದೂ ಇಲ್ಲ.

ಇದನ್ನು ಕೇಳಿದೊಡನೆ ಕೆಲವರು ಇನ್ನೊಂದು ತುದಿಗೆ ಓಡುತ್ತಾರೆ: ‘ಹಾಗಾದರೆ ಸುಮ್ಮನೆ ಶಾಸ್ತ್ರಕ್ಕೆ ಒಂದು ಮಾತು.’ ಅಲ್ಲ. ಹುಡುಗ ಮನಸ್ಸಿಟ್ಟು ಮಾತು ಕೊಡುತ್ತಿದ್ದಾನೆ ಎಂದೇ ತಿಳಿಯಿರಿ, ಮಕ್ಕಳ ವಿಷಯವನ್ನು ಮದುವೆಗೆ ಮುಂಚೆ ಮಾತನಾಡಿ. ತೊಟ್ಟಿಲು ತಂದ ಮೇಲೆ ಆ ಮಾತು ತೆಗೆದರೆ ನಡುವೆ ನಾಲ್ವರು ಅಜ್ಜ ಅಜ್ಜಿಯರು ಬಂದು ಕೂತಿರುತ್ತಾರೆ.

ಮತ್ತೊಮ್ಮೆ ದೀಕ್ಷಾಸ್ನಾನದ ಮಾತಂತೂ ಬುಡವೇ ಇಲ್ಲದ್ದು. ನೀರಿನಿಂದ, ತಂದೆಯ, ಮಗನ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ಕೊಟ್ಟ ದೀಕ್ಷಾಸ್ನಾನ ಒಂದೇ ಸಲ. ನೀವು ಸ್ವಂತ ಇಚ್ಛೆಯಿಂದ ಕಥೋಲಿಕರಾಗಬಯಸಿದರೂ ನಿಮ್ಮನ್ನು ಬರಮಾಡಿಕೊಳ್ಳುತ್ತಾರೆಯೇ ವಿನಾ ಮತ್ತೆ ನೀರು ಹಾಕುವುದಿಲ್ಲ. ಮದುವೆಗಾಗಿ ಕಥೋಲಿಕರಾಗಬೇಕೆಂಬ ನಿಯಮವೂ ಇಲ್ಲ. ದೀಕ್ಷಾಸ್ನಾನ ಪಡೆದ ಇಬ್ಬರ ನಡುವಿನ ಊರ್ಜಿತ ಮದುವೆ ತಾನಾಗಿಯೇ ಪವಿತ್ರ ಸಂಸ್ಕಾರ (ಸ್ಯಾಕ್ರಮೆಂಟ್) ಎಂದು ಕಥೋಲಿಕ ಬೋಧನೆ ಹೇಳುತ್ತದೆ. ನಿಮ್ಮ ಮದುವೆ ಎರಡನೆಯ ದರ್ಜೆಯದಲ್ಲ. ಬೇಕಾಗುವುದು ಧರ್ಮಾಧ್ಯಕ್ಷರ (ಬಿಷಪ್) ಅನುಮತಿ. ಮದುವೆ ನಿಮ್ಮ ಚರ್ಚಿನಲ್ಲಿ ನಡೆಯಬೇಕಾದರೆ, ಕಥೋಲಿಕ ಕ್ರಮದಲ್ಲೇ ಮದುವೆಯಾಗಬೇಕೆಂಬ ನಿಯಮದಿಂದ ವಿನಾಯಿತಿಯನ್ನೂ ಕೇಳಬೇಕು, ಅದೂ ಮುಂಚಿತವಾಗಿ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಎರಡು ಸಲ ಸಮ್ಮತಿ ಹೇಳುವ ಏರ್ಪಾಡಿಗೆ ಒಪ್ಪಿಗೆ ಸಿಗುವುದಿಲ್ಲ. ಕ್ವೇಕರರಂತೆ ನೀರಿನ ದೀಕ್ಷಾಸ್ನಾನವೇ ಇಲ್ಲದ ಸಮುದಾಯದವರಾದರೆ ಮಾತು ಬೇರೆ. ದೀಕ್ಷಾಸ್ನಾನ ಪಡೆಯದವರೊಂದಿಗಿನ ಮದುವೆಗೆ ಕಾನೂನೇ ಅಡ್ಡಿ; ಆಗ ಅನುಮತಿ ಸಾಲದು, ಆ ಅಡ್ಡಿಯಿಂದಲೇ ವಿನಾಯಿತಿ ಬೇಕು. ಬೇರೆ ಧರ್ಮದವರೊಂದಿಗಿನ ಮದುವೆಗೆ ಅನ್ವಯಿಸುವ ಈ ನಿಯಮವನ್ನು ತಂದು ನಿಮ್ಮ ತಲೆಗೆ ಕಟ್ಟುವವರೂ ಇದ್ದಾರೆ.

ಪೂಜೆಯಲ್ಲಿ ಕೊಡುವ ಪರಮಪ್ರಸಾದದ (ಕಮ್ಯೂನಿಯನ್) ವಿಷಯದಲ್ಲಿ ಸಿಹಿಯಾದ ಉತ್ತರ ನನ್ನ ಬಳಿ ಇಲ್ಲ. ಸಾಮಾನ್ಯವಾಗಿ ನೀವು ಅವರ ಪೂಜೆಯಲ್ಲಿ ಅದನ್ನು ಸ್ವೀಕರಿಸುವಂತಿಲ್ಲ, ಅವರು ನಿಮ್ಮ ಸಭೆಯ ಕರ್ತನ ಭೋಜನದಲ್ಲಿ ಪಾಲ್ಗೊಳ್ಳುವಂತಿಲ್ಲ. ವಿಶೇಷ ಸಂದರ್ಭಗಳಿಗೆ 1983ರ ಸಂಹಿತೆಯ 844ನೆಯ ವಿಧಿಯಲ್ಲಿ ಕಿರಿದಾದ ಬಾಗಿಲೊಂದಿದೆ. 2015ರ ನವೆಂಬರ್ 15ರಂದು ರೋಮಿನ ಲೂಥರನ್ ಚರ್ಚಿಗೆ ಹೋಗಿದ್ದ ಪೋಪ್ ಫ್ರಾನ್ಸಿಸರ ಮುಂದೆ, ಕಥೋಲಿಕನನ್ನು ಮದುವೆಯಾದ ಮಹಿಳೆಯೊಬ್ಬರು ಇದೇ ನೋವನ್ನು ತೋಡಿಕೊಂಡರು. ಪ್ರಭುವಿನೊಡನೆ ಮಾತನಾಡಿ ಮುಂದೆ ಸಾಗಿ, ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿಲ್ಲ ಎಂಬರ್ಥದಲ್ಲಿ ಪೋಪ್ ಉತ್ತರಿಸಿದರು. ಪೋಪರೇ ನಿಂತ ಕಡೆ ನಾನು ದಾಟಿ ಹೋಗುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮೊದಲ ಶನಿವಾರವೇ ಇದು ಎದುರಾಗುತ್ತದೆ. ಪೂಜೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಹೇಳುವಾಗ ‘ಕೇಡಿನಿಂದ ತಪ್ಪಿಸು’ ಎಂಬಲ್ಲಿಗೆ ಸುತ್ತಲಿನವರು ನಿಂತುಬಿಡುತ್ತಾರೆ. ನೀವೊಬ್ಬರೇ ಅಭ್ಯಾಸಬಲದಿಂದ ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿದು, ಮುಂದಿನ ಸಾಲಿನ ತಲೆಗಳೆಲ್ಲ ತಿರುಗಿದಾಗ ನುಂಗಿಕೊಳ್ಳುತ್ತೀರಿ. ಗಾಬರಿ ಬೇಡ. ಗುರುಗಳು ಒಂದು ಚಿಕ್ಕ ಪ್ರಾರ್ಥನೆ ಹೇಳಿ ಮುಗಿಸಿದ ಕೂಡಲೇ ಅವರೂ ಅದೇ ಸ್ತುತಿಯನ್ನು ಹೇಳುತ್ತಾರೆ. 1969ರ ಪೂಜಾವಿಧಿಯಲ್ಲಿ ಅದಕ್ಕೆ ಆ ಜಾಗ ಸಿಕ್ಕಿದೆ. ನಿಮ್ಮ ಸಭೆಯಲ್ಲಿ ಅವರು ಬೇಗ ನಿಂತು ಪೆಚ್ಚಾಗುತ್ತಾರೆ, ಸಮಕ್ಕೆ ಸಮ.

ಮುಂದೆ ಮಕ್ಕಳಾದಾಗ ಹತ್ತು ಆಜ್ಞೆಗಳ ಸರದಿ. ಏಳನೆಯ ಆಜ್ಞೆ ಯಾವುದು ಎಂದು ಮಗು ಕೇಳಿದರೆ ತಂದೆ ‘ಕದಿಯಬೇಡ’ ಎನ್ನುತ್ತಾನೆ. ತಾಯಿ ಆಂಗ್ಲಿಕನ್ ಅಥವಾ ರಿಫಾರ್ಮ್ಡ್ ಪರಂಪರೆಯವಳಾದರೆ ‘ವ್ಯಭಿಚಾರ ಮಾಡಬೇಡ’ ಎನ್ನುತ್ತಾಳೆ. ಆಜ್ಞೆಗಳು ಅವೇ, ಎಣಿಸುವ ಕ್ರಮ ಬೇರೆ. ಲೂಥರನ್ನರು ಇಲ್ಲಿ ಕಥೋಲಿಕರ ಜೊತೆ. ಇಬ್ಬರೂ ಸರಿ. ಧರ್ಮೋಪದೇಶದ ಪರೀಕ್ಷೆಯಲ್ಲಿ ಮಾತ್ರ, ಪ್ರಶ್ನೆಪತ್ರಿಕೆ ಯಾವ ಚರ್ಚಿನದು ಎಂದು ನೋಡಿಕೊಂಡು ಮಗು ಉತ್ತರ ಬರೆಯಲಿ.