ಗುಡಿಸಿದ ಧೂಳು ಮತ್ತೆ ರಸ್ತೆಗೆ ಬರುವುದೇಕೆ? ಹುಬ್ಬಳ್ಳಿ-ಧಾರವಾಡದ ಉದಾಹರಣೆ

ಗಾಳಿ ಮಾಲಿನ್ಯದ ಪಾಠದಲ್ಲಿ ಧೂಳಿನ ಭಾಗವನ್ನು ಎಲ್ಲರೂ ಬೇಗ ಓದಿ ಮುಗಿಸುತ್ತಾರೆ. ಗುಡಿಸಬೇಕು, ನೀರು ಹೊಡೆಯಬೇಕು, ಅಷ್ಟೇ. ನನಗಂತೂ ಇದೇ ಮುಖ್ಯ ಭಾಗ ಅನ್ನಿಸಿದೆ.

ಮೊದಲು ಸ್ವಲ್ಪ ಹಿನ್ನೆಲೆ. ನಗರಗಳ ಗಾಳಿಯಲ್ಲಿನ ಕಣಗಳನ್ನು ಕಡಿಮೆ ಮಾಡಲು ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ, ಅಂದರೆ ಎನ್‌ಕ್ಯಾಪ್, 2019ರ ಜನವರಿಯಲ್ಲಿ ಶುರುವಾಯಿತು. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇದರಲ್ಲಿವೆ. ಇದರಲ್ಲಿ ಅಳೆಯುವ ಪಿಎಂ 10 ಅಂದರೆ ಗಾಳಿಯಲ್ಲಿ ತೇಲುವ, 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). 2009ರ ಮಾನದಂಡದಂತೆ ಇದರ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು.

ಈಗ ಮಣ್ಣಿಗೆ ಬರೋಣ. ಹುಬ್ಬಳ್ಳಿ ಸುತ್ತ ಇರುವುದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರೂ ಅದರ ಜೊತೆ ಒಡೆಯುತ್ತದೆ. ಮಳೆಯ ಮರುದಿನ ಕಟ್ಟಡದ ಸೈಟಿನಿಂದ ಹೊರಬರುವ ಟಿಪ್ಪರ್ ನೋಡಿ. ಜೋಡಿ ಗಾಲಿಗಳ ನಡುವೆ ಹೆಂಟೆ ಹೆಂಟೆ ಮಣ್ಣು ಮೆತ್ತಿಕೊಂಡಿರುತ್ತದೆ. ರಸ್ತೆಗೆ ಇಳಿದದ್ದೇ ತಡ, ಉದುರಲು ಶುರು. ಎರಡು ದಿನ ಬಿಸಿಲು ಬಿದ್ದರೆ ವಾಹನಗಳು ಅದನ್ನು ಅರೆದು ಹಿಟ್ಟು ಮಾಡಿಬಿಡುತ್ತವೆ. ಅದರಲ್ಲಿ 75 ಮೈಕ್ರಾನ್ ಜರಡಿಯಿಂದ ಕೆಳಗಿಳಿಯುವ ಪುಡಿಗೆ ಸಿಲ್ಟ್ ಅನ್ನುತ್ತಾರೆ.

ರಸ್ತೆಯಿಂದ ಏಳುವ ಧೂಳಿನ ಲೆಕ್ಕಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒಂದು ಸೂತ್ರವನ್ನು ನಮ್ಮಲ್ಲೂ ಬಳಸುತ್ತಾರೆ. ನೆನಪಿಡಬೇಕಾದ್ದು ಎರಡೇ ಅಂಶ: ಪ್ರತಿ ಚದರ ಮೀಟರ್‌ಗೆ ಎಷ್ಟು ಗ್ರಾಂ ಸಿಲ್ಟ್ ಇದೆ, ಓಡಾಡುವ ವಾಹನಗಳ ಸರಾಸರಿ ತೂಕ ಎಷ್ಟು. ಸಿಲ್ಟ್ ಅರ್ಧಕ್ಕೆ ಇಳಿದರೆ ಧೂಳೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಗುಡಿಸುವ ಯಂತ್ರ ಕೊಳ್ಳುವುದಕ್ಕೆ ಇದೇ ಆಧಾರ. ಆದರೆ ಮಧ್ಯಾಹ್ನ ಇನ್ನೊಂದು ಟಿಪ್ಪರ್ ಬಂದರೆ ಬೆಳಿಗ್ಗೆ ಗುಡಿಸಿದ್ದು ಸುಮ್ನೆ ದಂಡವಾಯಿತು ಅಲ್ವಾ?

ತೊಡಕು ಇರುವುದೇ ಇಲ್ಲಿ. ಗುಡಿಸುವ ಹೊಣೆ ಪಾಲಿಕೆಯದು. ಮಣ್ಣು ಎಬ್ಬಿಸುವವರು ಹಲವರು. ಮೇಲ್ಸೇತುವೆ, ಹೆದ್ದಾರಿ, ಕುಡಿಯುವ ನೀರಿನ ಪೈಪು, ಕೇಬಲ್, ಒಂದೊಂದಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಗುತ್ತಿಗೆದಾರ. ಅಗೆದವರು ಮಣ್ಣು ಮುಚ್ಚಿ ಹೋಗುತ್ತಾರೆ, ಡಾಂಬರು ಹಾಕುವವರು ಇನ್ಯಾವಾಗಲೋ ಬರುತ್ತಾರೆ. ಆ ನಡುವಿನ ದಿನಗಳ ಧೂಳಿಗೆ ಯಾರು ಜವಾಬ್ದಾರರು? 2018ರ ಕೇಂದ್ರದ ನಿಯಮ ಸ್ಪಷ್ಟವಾಗಿದೆ: ಮಣ್ಣು, ಮರಳನ್ನು ಮುಚ್ಚದೆ ಇಡಬಾರದು, ಸಾಗಿಸುವ ವಾಹನಕ್ಕೆ ಹೊದಿಕೆ ಬೇಕು, ನೀರು ಚಿಮುಕಿಸಬೇಕು. ಆದರೆ ಪ್ರತಿ ಸೈಟಿಗೂ ಹೋಗಿ ನೋಡಲು ಜನ ಬೇಕಲ್ಲ.

ನೀರು ಹೊಡೆಯುವ ಉಪಾಯಕ್ಕೂ ಮಿತಿ ಇದೆ. ಏಪ್ರಿಲ್ ಬಿಸಿಲಿಗೆ ರಸ್ತೆ ಬೇಗನೆ ಒಣಗುತ್ತದೆ. ದಿನಗಟ್ಟಲೆ ನಲ್ಲಿ ನೀರಿಗೆ ಕಾಯುವ ಊರಿನಲ್ಲಿ ರಸ್ತೆಗೆ ಒಳ್ಳೆಯ ನೀರು ಸುರಿಯುವುದು ಸರಿಯೂ ಅಲ್ಲ. ಸಂಸ್ಕರಿಸಿದ ಕೊಳಚೆ ನೀರೇ ಸರಿಯಾದ ದಾರಿ. ಇನ್ನು ಒಣ ಪೊರಕೆ. ಅದು ಧೂಳನ್ನು ತೆಗೆಯುವ ಜೊತೆಗೆ ಗಾಳಿಗೂ ಎಬ್ಬಿಸುತ್ತದೆ, ಮತ್ತು ಅದನ್ನು ಮೊದಲು ಉಸಿರಾಡುವವರು ಪೌರಕಾರ್ಮಿಕರು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ಮಾತನ್ನು ದಯವಿಟ್ಟು ಬಿಡಬೇಡಿ.

ಕೊನೆಯದಾಗಿ ಅಳತೆ. ಎನ್‌ಕ್ಯಾಪ್ ನಗರಗಳ ಸಾಧನೆಯನ್ನು ನೋಡುವುದು ಪಿಎಂ 10ರ ಸರಾಸರಿಯಿಂದ. ಹೀಗಾಗಿ ಶ್ವಾಸಕೋಶದ ಆಳಕ್ಕೆ ಇಳಿಯುವ, ಹೆಚ್ಚಾಗಿ ಹೊಗೆಯಿಂದ ಬರುವ ಪಿಎಂ 2.5ರ (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣದ) ಕಡೆ ಗಮನ ಕಡಿಮೆ. ಇನ್ನೊಂದು, ಮಳೆ ಧೂಳನ್ನು ತಾನೇ ತೊಳೆಯುತ್ತದೆ. ಮಳೆ ಜಾಸ್ತಿಯಾದ ವರ್ಷ ಏನೂ ಮಾಡದೆಯೂ ಸರಾಸರಿ ಇಳಿಯಬಹುದು. ಅದಕ್ಕೇ ಒಂದು ವರ್ಷದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಮಳೆ ಕಡಿಮೆ ಇರುವ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ಬೇರೆಯಾಗಿ ತೆಗೆದು ಕೆಲವು ವರ್ಷ ಹೋಲಿಸಿ.

ಒಂದು ಪ್ರಯೋಗ ಮಾಡಿ ನೋಡಿ. ವಾಹನ ಕಡಿಮೆ ಇರುವ ಓಣಿಯಲ್ಲಿ ಸೀಮೆಸುಣ್ಣದಿಂದ ಒಂದು ಮೀಟರ್ ಚೌಕ ಎಳೆಯಿರಿ. ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಪುಡಿ ಒಟ್ಟುಮಾಡಿ, ಜರಡಿ ಹಿಡಿದು ತೂಗಿ. ಎರಡು ದಿನ ಬಿಟ್ಟು ಅದೇ ಚೌಕದಲ್ಲಿ ಮತ್ತೆ ತೂಗಿ.