ಹಳೇ ಶಾಲೆ ಮುಚ್ಚಿದ್ದು ಗೋಡೆ ಬಿರುಕು ಬಿಟ್ಟಿತು ಅಂತಲ್ಲ

ಪ್ರಶ್ನೆ: ಪಾಠ ಮಾಡೋಕೇ ಲಾಯಕ್ಕಿಲ್ಲ ಅಂತ ಮುಚ್ಚಿದ ಶಾಲೆಯನ್ನು ಮ್ಯೂಸಿಯಂ, ಹೋಟೆಲ್ ಅಂತ ಮಾಡಿ ಜನರನ್ನು ಒಳಗೆ ಬಿಡುವುದು ಅಪಾಯ ಅಲ್ವಾ?

ಮತ್ತೆ ಅದೇ! ರಿಪೇರಿ ಮಾಡಿ, ಗಟ್ಟಿ ಮಾಡಿಯೇ ಒಳಗೆ ಬಿಡುತ್ತಾರೆ, ಅಷ್ಟೇ ಉತ್ತರ. ಆದರೆ "ಲಾಯಕ್ಕಿಲ್ಲ ಅಂತ ಮುಚ್ಚಿದರು" ಅನ್ನುವ ಮಾತಿದೆಯಲ್ಲ, ನನಗೆ ತಕರಾರು ಇರುವುದು ಅದರ ಮೇಲೆ. ಕೆಲವು ಕಡೆ ಅದು ನಿಜವಿರಬಹುದು. ಜಾಸ್ತಿ ಕಡೆ ಖಾಲಿಯಾಗಿದ್ದು ಬೆಂಚು, ಕಟ್ಟಡ ಚೆನ್ನಾಗಿಯೇ ಇತ್ತು.

ಜಪಾನಿನ ಕ್ಯೋಟೋದಲ್ಲಿ 1869ರಲ್ಲಿ ಶುರುವಾದ ತತ್ಸುಇಕೆ ಶಾಲೆಯನ್ನೇ ನೋಡಿ. ಈಗಿರುವ ಮುಖ್ಯ ಕಟ್ಟಡ 1929ರದ್ದು. ನಗರದ ನಡುಭಾಗದಲ್ಲಿ ಮಕ್ಕಳೇ ಕಡಿಮೆಯಾದರು, 1995ರಲ್ಲಿ ಶಾಲೆ ಮುಚ್ಚಿತು. 2006ರಲ್ಲಿ ಅದೇ ಜಾಗದಲ್ಲಿ ಮಾಂಗಾ ಮ್ಯೂಸಿಯಂ ಬಂತು. ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್. ಬರೀ ತೆರೆದ ಕಪಾಟುಗಳಲ್ಲೇ ಸುಮಾರು 50,000 ಪುಸ್ತಕ. ಪುಸ್ತಕ ತುಂಬಿದ ಒಂದು ಡಬ್ಬ ಎತ್ತಿ ನೋಡಿದವರಿಗೆ ಆ ಭಾರ ಗೊತ್ತು. ಬೀಳುವ ಕಟ್ಟಡಕ್ಕೆ ಯಾರಾದರೂ ಅದನ್ನು ಹೇರುತ್ತಾರಾ?

ನ್ಯೂಯಾರ್ಕಿನ ಪಿ.ಎಸ್.1 ಶಾಲೆಯ ಕಥೆಯೂ ಇದೇ. ಮಕ್ಕಳಿಲ್ಲ ಅಂತ 1963ರಲ್ಲಿ ಬಾಗಿಲು ಹಾಕಿದರು, 1976ರಲ್ಲಿ ಅದು ಕಲಾಕೇಂದ್ರವಾಗಿ ತೆರೆಯಿತು. ಶಾಲೆ ಮುಚ್ಚಿದ ಮೇಲೆ ಬೀಗ ಹಾಕಿ ವರ್ಷಗಟ್ಟಲೆ ಬಿಟ್ಟರೆ ಎಂಥ ಕಟ್ಟಡವಾದರೂ ಸೋರುತ್ತದೆ, ಆಮೇಲೆ ಫೋಟೋ ನೋಡಿದವರು "ಅದಕ್ಕೇ ಮುಚ್ಚಿದ್ದು" ಅನ್ನುತ್ತಾರೆ. ಕಾರಣ ಯಾವುದು, ಪರಿಣಾಮ ಯಾವುದು ಅಂತ ಅದಲುಬದಲು ಮಾಡಬೇಡಿ ಮಾರಾಯ್ರೇ.

ನನ್ನ ಮೆಚ್ಚಿನದು ಮುರೊತೊ. ಅದೂ ಜಪಾನೇ. 2006ರಲ್ಲಿ ಮುಚ್ಚಿದ ಶಾಲೆ 2018ರಲ್ಲಿ ಅಕ್ವೇರಿಯಂ ಆಯಿತು. ಮಕ್ಕಳು ಈಜುತ್ತಿದ್ದ 25 ಮೀಟರ್ ಕೊಳದಲ್ಲಿ ಈಗ ಕಡಲಾಮೆ, ಶಾರ್ಕ್.

ಯಾರೂ ಕೇಳಲಿಲ್ಲ, ಆದರೂ ಕಿಟಕಿಯ ವಿಷಯ ಹೇಳಿಬಿಡುತ್ತೇನೆ. ಕರೆಂಟ್ ಇಲ್ಲದ ಕಾಲದ ಶಾಲೆಗಳಲ್ಲಿ ಎತ್ತರದ ಕಿಟಕಿಗಳನ್ನು ಮಕ್ಕಳ ಎಡಗಡೆಗೆ ಬರುವ ಹಾಗೆ ಇಡುವುದು ಲೆಕ್ಕಾಚಾರದ ಕೆಲಸ. ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ಎಡಗೈಯವರ ಪಾಡು ಯಾರೂ ಕೇಳಲಿಲ್ಲ ಬಿಡಿ. ತಮಾಷೆ ಏನೆಂದರೆ, ಚಿತ್ರ ಬಿಡಿಸುವವರಿಗೆ ಇಂಥ ಕೋಣೆ ಸಿಕ್ಕರೆ ಹಬ್ಬ. ಅದೇ ಕೋಣೆಯಲ್ಲಿ ಹಳೇ ಚಿತ್ರಗಳನ್ನು ತೂಗುಹಾಕಬೇಕೆಂದರೆ ಮೊದಲು ಆ ಕಿಟಕಿಗಳನ್ನೇ ಮುಚ್ಚಬೇಕು, ಇಲ್ಲದಿದ್ದರೆ ಬಿಸಿಲಿಗೆ ಬಣ್ಣ ಹೋಗುತ್ತದೆ.